ಹದಿನೇಳನೇ ಗೂಟದ ಮಣ್ಣು

“ಒಂದು,” ಎಂದೆ.

“ನೂರು, ಎಂಬತ್ತೊಂದು.” ಫ್ರೀಜರಿನೊಳಗೆ ತಲೆ ಹಾಕಿಕೊಂಡಿದ್ದ ಒಲೆಯಮ್ಮನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ನನ್ನ ತೊಡೆಯ ಮೇಲಿದ್ದ, ಕೆಸರಣ್ಣನ ಅಳತೆ ಪುಸ್ತಕದ ಜೆರಾಕ್ಸ್ ಹಾಳೆಯಲ್ಲೂ ನೂರು, ಎಂಬತ್ತೊಂದು ಎಂದೇ ಇತ್ತು. ಪಕ್ಕದಲ್ಲಿ ಗುರುತು ಹಾಕಿದೆ.

“ಎರಡು.”

“ನೂರು, ಎಂಬತ್ತಾರು.”

ಅದೂ ಸರಿ. ಗೋಡೆಯ ಗಡಿಯಾರದಲ್ಲಿ ಒಂದೂ ಮುಕ್ಕಾಲು. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಕೆಸರಣ್ಣನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾನೆ. ಅಷ್ಟರೊಳಗೆ ಅವನು ಸುಳ್ಳು ಅಳತೆ ಬರೆದವನಲ್ಲ ಎನ್ನುವುದಕ್ಕೆ ಕೈಯಲ್ಲಿ ಹಿಡಿಯುವಂಥ ಸಾಕ್ಷಿ ಏನಾದರೂ ತಂದುಕೊಟ್ಟರೆ ಬಿಡುತ್ತೇನೆ, ಬರೀ ಮಾತು ಬೇಡ ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ಮೂವತ್ತು ವರ್ಷ ವಿಮಾ ಕಂಪನಿಗಾಗಿ ಸುಟ್ಟ ಗೋದಾಮು, ಮುಳುಗಿದ ದೋಣಿಗಳ ನಿಜ ಸುಳ್ಳು ಹುಡುಕಿಕೊಟ್ಟವಳು ನಾನು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಪತ್ತೇದಾರಿಕೆಗೆ ಇಳಿದೆ. ಗಡುವು ನನಗೆ ಹೊಸದಲ್ಲ. ಆದರೆ ಮಂಡಿನೋವು ಮತ್ತು ಫ್ರೀಜರಿನ ಥಂಡಿ ಸೇರಿದರೆ ಸಿಟ್ಟು ಮೂಗಿನ ತುದಿಗೇ ಬಂದು ಕೂರುತ್ತದೆ.

“ಮೂರು.”

“ನೂರು, ಎಂಬತ್ತೆರಡು.”

ಕೆಸರಣ್ಣ ಈ ಲ್ಯಾಬು ನಡೆಸುವ ಕಂಪನಿಯಲ್ಲಿ ಐದು ವರ್ಷದಿಂದ ಮಣ್ಣು ತೆಗೆಯುವವನು. ಉಪ್ಪುನೀರಿನಲ್ಲಿ ಬೇರು ಊರಿ ನಿಂತ ಕಾಂಡ್ಲಾ ಕಾಡು, ಅದರೊಳಗೆ ನಲವತ್ತೆರಡು ಗೂಟ. ಪ್ರತಿ ಗೂಟದ ಬುಡದಲ್ಲಿ ಒಂದು ಮೀಟರ್ ಉದ್ದದ ಪ್ಲಾಸ್ಟಿಕ್ ಕೊಳವೆಯನ್ನು ಕೆಸರಿಗೆ ಒತ್ತಿ, ಒಳಗಿನ ಮಣ್ಣು ಜಾರದ ಹಾಗೆ ಮುಚ್ಚಳ ಹಾಕಿ ಎತ್ತಿ ತರುವುದು ಅವನ ಕೆಲಸ. ಆ ಮಣ್ಣಿನಲ್ಲಿ ಇಂಗಾಲ ಎಷ್ಟಿದೆ ಎಂದು ಒಣಗಿಸಿ, ಸುಟ್ಟು, ತೂಗಿ ನೋಡುವುದು ಒಲೆಯಮ್ಮನ ಕೆಲಸ. ಇಪ್ಪತ್ತು ವರ್ಷ ಯಾವುದಾದರೊಂದು ಲ್ಯಾಬಿನ ಓವನ್ ಮುಂದೆಯೇ ಕೂತಿದ್ದಕ್ಕೆ ಆಕೆಗೆ ಆ ಹೆಸರು.

ಇಂಗಾಲದ ವಿಷಯ ನನಗೆ ತಿಳಿಹೇಳಿದವಳೂ ಆಕೆಯೇ. ಮರ ಗಾಳಿಯಿಂದ ಇಂಗಾಲ ಎಳೆದುಕೊಂಡು ಎಲೆ, ಬೇರು ಮಾಡಿಕೊಳ್ಳುತ್ತದೆ. ಬೇರೆ ಕಾಡಿನಲ್ಲಾದರೆ ಉದುರಿದ್ದು ಕೊಳೆತು ಇಂಗಾಲ ಮತ್ತೆ ಗಾಳಿಗೇ ಹೋಗುತ್ತದೆ. ಇಲ್ಲಿ ಹಾಗಲ್ಲ. “ಆ ಕೆಸರಲ್ಲಿ ಗಾಳಿ ಇಲ್ಲ ಮೇಡಂ,” ಎಂದಿದ್ದಳು. “ಒಳಗೆ ಹೋದದ್ದು ಅಷ್ಟು ಸುಲಭಕ್ಕೆ ಕೊಳೆಯಲ್ಲ. ನೂರು ವರ್ಷದ ಹಿಂದಿನ ಬೇರು ನಿನ್ನೆ ಕಿತ್ತ ಹಾಗೆ ಬರುತ್ತೆ.” ಹಾಗೆ ಮಣ್ಣು ಹಿಡಿದಿಟ್ಟ ಇಂಗಾಲಕ್ಕೆ ಒಂದು ಪ್ರಮಾಣಪತ್ರ ಸಿಗುತ್ತದೆ, ಕಾರ್ಬನ್ ಕ್ರೆಡಿಟ್ ಎಂದು. ದೂರದೂರದ ಕಾರ್ಖಾನೆಯವರು ಅದನ್ನು ಕೊಂಡು, ನಾವು ಬಿಟ್ಟ ಹೊಗೆ ಅಲ್ಲಿ ಮಣ್ಣಾಗಿದೆ ಎಂದು ಹೇಳಿಕೊಂಡು ತಿರುಗುತ್ತಾರೆ.

“ನಾಲ್ಕು.”

“ನೂರು, ಎಂಬತ್ನಾಲ್ಕು.”

ನನ್ನ ಪೆನ್ನು ನಿಂತಿತು. ಹಾಳೆಯಲ್ಲಿ ನಾಲ್ಕನೇ ಗೂಟಕ್ಕೆ ನೂರು, ಎಪ್ಪತ್ತೊಂಬತ್ತು ಎಂದಿತ್ತು.

ಇನ್ನೊಮ್ಮೆ ಓದಲು ಹೇಳಿದೆ. ಒಲೆಯಮ್ಮ ಕನ್ನಡಕ ಒರೆಸಿಕೊಂಡು, ಕೊಳವೆಯ ಬುಡದಲ್ಲಿ ಮೊಳೆಯಿಂದ ಗೀಚಿದ ಅಂಕಿಗಳ ಮೇಲೆ ಬೆರಳಾಡಿಸಿ, ಎಂಬತ್ನಾಲ್ಕೇ ಎಂದಳು. ನಾನು ಹಾಳೆಯ ಮೇಲೆ ಒಂದು ಸುತ್ತು ಬರೆದು ಮುಂದಿನದನ್ನು ಕರೆದೆ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಟೈಲರ್ ಅಕ್ಕ ಕತ್ತೆತ್ತಿದಳು. ಕೆಸರಣ್ಣನ ಒಡಹುಟ್ಟಿದ ಅಕ್ಕ ಅವಳು. ನಿನ್ನೆಯ ತನಕ ನನಗೆ ಅವಳ ಪರಿಚಯವೇ ಇರಲಿಲ್ಲ. ನಿನ್ನೆ ಸಂಜೆ ಅಂಗಡಿಗೆ ಬೀಗ ಜಡಿದು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿರಲು ನನ್ನ ಬಾಗಿಲಿಗೆ ಬಂದು, ತಮ್ಮನನ್ನು ಹಿಡ್ಕೊಂಡು ಹೋಗಿದ್ದಾರೆ, ಅವನನ್ನ ಬಿಡಿಸಿ ಎಂದವಳು. ಆ ಟೇಪು ಇವತ್ತೂ ಕೊರಳಲ್ಲೇ ಇದೆ. ಹೊರಗೆ ಕೂತಿರು ಎಂದರೆ ಕೇಳಲಿಲ್ಲ. ನನ್ನ ಹಟವೇ ಹಟ ಎಂದುಕೊಂಡಿದ್ದೆ, ಇವಳು ನನ್ನನ್ನೂ ಮೀರಿಸಿದಳು.

ಅವಳಿಗಿರುವುದು ಅವನೊಬ್ಬನೇ. ಈ ನಲವತ್ತೆರಡು ಗೂಟಗಳನ್ನು ಮೊದಲು ನೆಟ್ಟ ಸರ್ವೇಯರ್ ಅವಳ ಗಂಡ. ಆರು ವರ್ಷದ ಹಿಂದೆ, ಸಮುದ್ರದಾಚೆ ಬೇರೆ ಕೆಲಸ ಸಿಕ್ಕಿತು, ಹೋಗುತ್ತಿದ್ದೇನೆ ಎಂದು ಫೋನಿಗೊಂದು ಸಂದೇಶ ಕಳಿಸಿ ಹೋದವನು ತಿರುಗಿ ಬರಲಿಲ್ಲ. ಬಿಟ್ಟು ಹೋದವನ ಹೆಂಡತಿ ಎಂದು ಬೀದಿಯೆಲ್ಲ ಆಡಿಕೊಂಡಾಗ ಅವಳ ಜೊತೆ ಬಂದು ನಿಂತವನು ತಮ್ಮ. ಭಾವ ಬಿಟ್ಟ ಕೆಲಸಕ್ಕೇ ಸೇರಿ ಮನೆ ನಡೆಸಿದವನೂ ಅವನೇ.

“ಹದಿನೇಳು.”

“ನೂರು, ಎಪ್ಪತ್ತೊಂಬತ್ತು.”

ಹಾಳೆಯಲ್ಲಿ ಹದಿನೇಳಕ್ಕೆ ನೂರು ಎಂದಷ್ಟೇ ಇತ್ತು. ಎರಡನೇ ಅಂಕಿಯೇ ಇರಲಿಲ್ಲ.

ಅಲ್ಲಿಗೇ ಎದ್ದು ಕುಣಿಯಬಹುದಿತ್ತು. ಏಳಲಿಲ್ಲ. ಅರ್ಧಕ್ಕೆ ಬಿಟ್ಟ ತಪಾಸಣೆಯನ್ನು ವಕೀಲರು ಹೇಗೆ ಹರಿದು ಹಂಚುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು. ಹದಿನೆಂಟು ಎಂದೆ. ಹತ್ತೊಂಬತ್ತು ಎಂದೆ. ನಲವತ್ತೆರಡರ ತನಕ ಒಂದನ್ನೂ ಬಿಡದೆ ಓದಿಸಿದೆ. ಒಲೆಯಮ್ಮನ ಬೆರಳುಗಳು ಮರಗಟ್ಟಿ ಬಿಳಿಚಿಕೊಂಡವು. ಉಳಿದ ನಲವತ್ತು ಕೊಳವೆಗಳೂ ಹಾಳೆಗೆ ಸರಿಯಾಗಿ ಹೊಂದಿದವು. ಹೊಂದದೆ ಉಳಿದದ್ದು ನಾಲ್ಕು ಮತ್ತು ಹದಿನೇಳು.

ಆಗಲೇ ಬಾಗಿಲು ತೆರೆದು ಮ್ಯಾನೇಜರ್ ಒಳಗೆ ಬಂದ.

ಬೆಳಿಗ್ಗೆ ಠಾಣೆಯಲ್ಲಿ ಕೆಸರಣ್ಣ ಹೇಳಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಅವನು ಬೆಂಚಿನ ಮೇಲೆ, ಕೆಸರು ಒಣಗಿ ಗಡುಸಾದ ಅಂಗಿಯಲ್ಲೇ ಕೂತಿದ್ದ. ಎಡತೋಳಿನ ಮೇಲೆ ಬೆರಳಗಲದ ಉದ್ದ ಜೇಬು, ಹಳದಿ ನೈಲಾನ್ ದಾರದಲ್ಲಿ ಮೂರು ಸಾಲು ಹೊಲಿಗೆ. ಅದೇನು ಎಂದು ಕೇಳಿದೆ. ಪೆನ್ಸಿಲ್ ಇಡುವ ಜೇಬು, ಸೊಂಟದ ತನಕ ಕೆಸರಿದ್ದಾಗ ಬೇರೆ ಜೇಬಿಗೆ ಕೈ ಹೋಗುವುದಿಲ್ಲ, ನೀರಿನಲ್ಲಿ ಶಾಯಿ ನಿಲ್ಲುವುದಿಲ್ಲ ಎಂದ. ಅಕ್ಕ ಮೊದಲು ಭಾವನಿಗೆ ಹೊಲಿದುಕೊಟ್ಟದ್ದು, ಆಮೇಲೆ ತನಗೆ. ಪೆನ್ಸಿಲನ್ನು ಎರಡೂ ಕಡೆ ಚೂಪು ಮಾಡುವುದನ್ನೂ ಭಾವನಿಂದಲೇ ಕಲಿತದ್ದಂತೆ. ಆ ಪೆನ್ಸಿಲನ್ನು ಪೊಲೀಸರು ಕಿತ್ತಿಟ್ಟುಕೊಂಡಿದ್ದರು.

ಹದಿನೇಳನೇ ಗೂಟಕ್ಕೆ ಅವನು ಐದು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅಲ್ಲಿ ಕಾಲಿಟ್ಟರೆ ಹೂತುಹೋಗುತ್ತೀಯ, ಹಳೆಯ ಅಳತೆಯನ್ನೇ ಹಾಕು ಎಂದು ಮ್ಯಾನೇಜರ್ ಹೇಳುತ್ತಿದ್ದನಂತೆ. ಈ ಸಲ ಹೊರಗಿನ ಸಂಸ್ಥೆಯ ಪರಿಶೀಲಕರು ಬಂದರು. ಕಾದಿಟ್ಟ ಕೊಳವೆಗಳಲ್ಲಿ ಆರನ್ನು ತಮ್ಮ ಕಣ್ಣೆದುರೇ ಕತ್ತರಿಸಬೇಕು ಎಂದು ಪಟ್ಟಿ ಕೊಟ್ಟರು. ಪಟ್ಟಿಯಲ್ಲಿ ಹದಿನೇಳಿತ್ತು, ಫ್ರೀಜರಿನಲ್ಲಿ ಹದಿನೇಳಿರಲಿಲ್ಲ. ನಾಲ್ಕರ ಪಕ್ಕದಲ್ಲೇ ಒಂದು ಕೊಳವೆ ತೆಗೆದು ಹದಿನೇಳು ಎಂದು ಅಂಟಿಸು ಎಂದ ಮ್ಯಾನೇಜರ್. ಇವನು ತಲೆಯಾಡಿಸಿ ಹೋಗಿ, ನೇರವಾಗಿ ಹದಿನೇಳಕ್ಕೇ ಇಳಿದು ಕೊಳವೆ ಒತ್ತಿ ತಂದ. ಅದು ಮೊನ್ನೆ ಸಂಜೆ. ಪರಿಶೀಲಕರು ನಲವತ್ತೆರಡು ಕೊಳವೆಗಳನ್ನು ಎಣಿಸಿ, ಫ್ರೀಜರಿನ ಬಾಗಿಲಿಗೆ ಎಣಿಕೆಯ ಪಟ್ಟಿ ಅಂಟಿಸಿ, ಕತ್ತರಿಸಲು ಮತ್ತೆ ಬರುತ್ತೇವೆ ಎಂದು ಹೋದರು. ನಿನ್ನೆ ಬೆಳಿಗ್ಗೆ ಹತ್ತಕ್ಕೆ, ಇವನು ಹದಿನೇಳಕ್ಕೆ ಹೋಗೇ ಇಲ್ಲ, ಮನೆಯಲ್ಲಿ ಕೂತು ಅಳತೆ ಬರೆದಿದ್ದಾನೆ ಎಂದು ಮ್ಯಾನೇಜರ್ ದೂರು ಕೊಟ್ಟ.

ನಾನು ಹೊರಡುವಾಗ ಕೆಸರಣ್ಣ ನನಗೊಂದು ಮಾತು ಒಪ್ಪಿಸಿದ್ದ. “ಗುಂಡುಸೂಜಿಗೆ ಹೇಳಿ, ಹೆದರ್ಕೋಬೇಡ ಅಂತ.” ಅದ್ಯಾರು ಎಂದೆ. ಅಕ್ಕ, ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಾಳಲ್ಲ ಎಂದು ನಕ್ಕ. ಹಾಗೆ ನಗುವವನು ಮೋಸಗಾರನಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಅನ್ನಿಸಿದ್ದನ್ನು ಇನ್‌ಸ್ಪೆಕ್ಟರಿಗೆ ಕೊಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಥಂಡಿಯಲ್ಲಿ ಕೂತಿದ್ದೆ.

ಮ್ಯಾನೇಜರ್ ಒಳಗೆ ಬಂದವನು ಮೊದಲು ಫ್ರೀಜರ್ ನೋಡಿದ, ಆಮೇಲೆ ನನ್ನನ್ನು. ಕಪ್ಪು ಬೂಟು ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಸರಿನ ಕೆಲಸ ಮಾಡಿಸುವ ಆಫೀಸಿನಲ್ಲಿ ಅಷ್ಟು ಹೊಳೆಯುವ ಬೂಟು ಕಂಡರೆ ನನಗೆ ಯಾಕೋ ಮೈಯೆಲ್ಲ ಉರಿಯುತ್ತದೆ.

ಪರಿಶೀಲಕರು ಎಣಿಕೆಯ ಪಟ್ಟಿ ಅಂಟಿಸಿರುವ ಫ್ರೀಜರನ್ನು ತೆಗೆದದ್ದು ದೊಡ್ಡ ತಪ್ಪು ಎಂದು ಅವನು ಮೆಲ್ಲಗಿನ ದನಿಯಲ್ಲಿ ಶುರು ಮಾಡಿದ. ತೆಗೆದದ್ದು ತಾನು, ಕೀ ತನ್ನದು, ಒಂದು ಕೊಳವೆಯೂ ಆಚೆ ಹೋಗಿಲ್ಲ ಎಂದು ಒಲೆಯಮ್ಮ ಅಷ್ಟೇ ಮೆಲ್ಲಗೆ ಹೇಳಿದಳು.

ನಾನು ಅವನಿಗೆ ಕುರ್ಚಿ ತೋರಿಸಿ, ಒಂದು ಸಣ್ಣ ಅನುಮಾನವಿದೆ, ತಿಳಿದವರು ನೀವು, ಹೇಳಿಕೊಡಿ ಎಂದೆ.

“ಕೇಳಿ ಮೇಡಂ.”

“ಒಂದು ಮೀಟರ್ ಕೊಳವೆಯನ್ನ ಪೂರ್ತಿ ಕೆಸರಿಗೆ ಒತ್ತಿದ್ರೆ ಒಳಗೆ ಎಷ್ಟು ಉದ್ದ ಮಣ್ಣು ಬರುತ್ತೆ?”

ಅವನು ನನ್ನನ್ನು ಮಕ್ಕಳನ್ನು ನೋಡುವ ಹಾಗೆ ನೋಡಿದ. “ಒಂದು ಮೀಟರ್. ಮತ್ತೆಷ್ಟು ಬರುತ್ತೆ?”

ಒಲೆಯಮ್ಮ ಕಿಸಕ್ಕನೆ ನಕ್ಕು, ಕೆಮ್ಮಿದ ಹಾಗೆ ನಟಿಸಿದಳು.

ಅಲ್ಲೇ ಇದ್ದದ್ದು ಎಲ್ಲ. ಆ ಕೆಸರು ಮೆತ್ತಗೆ. ಹೊಸ ಹತ್ತಿಯ ಹಾಸಿಗೆಯ ಮೇಲೆ ಕೂತರೆ ಹೇಗೆ ಅದುಮಿಕೊಳ್ಳುತ್ತದೋ ಹಾಗೆ ಕೊಳವೆ ಇಳಿಯುತ್ತ ಇಳಿಯುತ್ತ ಒಳಗಿನ ಮಣ್ಣು ಕುಗ್ಗುತ್ತದೆ. ನೂರು ಸೆಂಟಿಮೀಟರ್ ಒತ್ತಿದರೆ ಎಂಬತ್ತೋ ಎಂಬತ್ತೈದೋ ಸಿಗುತ್ತದೆ, ನೂರಕ್ಕೆ ನೂರು ಸಿಗುವುದೇ ಇಲ್ಲ. ಕುಗ್ಗಿದ ಮಣ್ಣನ್ನು ಕುಗ್ಗದ ಮಣ್ಣು ಎಂದು ಬರೆದರೆ ಇಂಗಾಲ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಅದಕ್ಕೇ ಕೆಸರಿಗೆ ಇಳಿಯುವವರು ಒತ್ತಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಯಾವಾಗಲೂ ಎರಡು ಅಂಕಿ ಬರೆಯುತ್ತಾರೆ. ಕೆಸರಣ್ಣ ಪುಸ್ತಕದಲ್ಲಿ ಬರೆದದ್ದಲ್ಲದೆ, ಒದ್ದೆಗೆ ಸ್ಟಿಕ್ಕರ್ ಕಿತ್ತುಬರುತ್ತದೆಂದು ಕೊಳವೆಯ ಬುಡದಲ್ಲೂ ಮೊಳೆಯಿಂದ ಗೀಚಿಡುತ್ತಿದ್ದ. ಐದು ವರ್ಷದ ಅಭ್ಯಾಸ.

ಇದನ್ನು ಮ್ಯಾನೇಜರಿಗೆ ಹೇಳಿ, ಹದಿನೇಳನೇ ಹಾಳೆಯನ್ನು ಮುಂದಿಟ್ಟೆ. “ಅಕ್ಷರ ಚೆನ್ನಾಗಿ ಕಾಪಿ ಹೊಡೆದಿದ್ದೀರಿ. ಪೆನ್ಸಿಲಲ್ಲೇ ಬರೆದಿದ್ದೀರಿ, ಅದೂ ಸರಿ. ಆದರೆ ಕೆಸರಿಗೆ ಕೈ ಹಾಕಿದವರು ಯಾರೂ ಬರೀ ನೂರು ಅಂತ ಬರೆಯಲ್ಲ.”

ಅವಸರದಲ್ಲಿ ಎರಡನೇ ಅಂಕಿ ಮರೆತಿರಬಹುದು ಎಂದ. ಮನೆಯಲ್ಲಿ ಕೂತು ಬರೆದವನಿಗೆ ಅವಸರ ಯಾಕೆ ಬಂತು ಎಂದು ಕೇಳಿದೆ. ಅವನು ಹಾಳೆಯನ್ನು ನನ್ನ ಕಡೆಗೇ ಸರಿಸಿದ.

“ಇನ್ನೊಂದು,” ಎಂದೆ. “ಹದಿನೇಳು ಅಂತ ಸ್ಟಿಕ್ಕರ್ ಇರೋ ಕೊಳವೆ ಬುಡದಲ್ಲಿ ನಾಲ್ಕನೇ ಗೂಟದ ಅಂಕಿ ಇದೆ. ನಾಲ್ಕು ಅಂತ ಸ್ಟಿಕ್ಕರ್ ಇರೋದರ ಬುಡದಲ್ಲಿರೋ ಅಂಕಿ ಪುಸ್ತಕದ ಯಾವ ಹಾಳೇಲೂ ಇಲ್ಲ. ಅಂದರೆ ಅದೇ ಹದಿನೇಳು. ಅದರ ನಿಜವಾದ ಹಾಳೆ ಎಲ್ಲಿಗೆ ಹೋಯ್ತು ಅಂತ ನೀವೇ ಹೇಳಿ.”

ಅವನು ಗಡಿಯಾರ ನೋಡಿದ. ನಾನು ಬಿಡಲಿಲ್ಲ. ಪರಿಶೀಲಕರು ಎಣಿಸಿ ಹೋದದ್ದರಿಂದ ಕೊಳವೆಯನ್ನು ಕದ್ದು ಎಸೆಯುವ ಹಾಗಿರಲಿಲ್ಲ. ಬೇರೊಂದನ್ನು ತುಂಬಿ ತರಬೇಕೆಂದರೆ ಕೆಸರಿಗೆ ಇಳಿಯಬೇಕು, ಈ ಬೂಟು ಇಳಿಯುವ ಬೂಟಲ್ಲ. ಉಳಿದದ್ದು ಒಂದೇ ದಾರಿ, ಸ್ಟಿಕ್ಕರ್ ಅದಲು ಬದಲು. ಪರಿಶೀಲಕರು ಹದಿನೇಳೆಂದು ನಾಲ್ಕನ್ನು ಕತ್ತರಿಸುತ್ತಾರೆ, ಪಟ್ಟಿಯಲ್ಲಿಲ್ಲದ ನಾಲ್ಕು ಕೆಲಸ ಮುಗಿದ ಮೇಲೆ ಕಸಕ್ಕೆ ಹೋಗುತ್ತದೆ. ಫ್ರೀಜರಿಗೆ ಇರುವುದು ಎರಡೇ ಕೀ. ಒಂದು ಒಲೆಯಮ್ಮನ ಸೊಂಟದಲ್ಲಿ, ಇನ್ನೊಂದು ಇವನ ಮೇಜಿನ ಡ್ರಾದಲ್ಲಿ.

ಟೈಲರ್ ಅಕ್ಕ ಎದ್ದು ಬಂದು ಅವನ ಎದುರಿಗೆ ನಿಂತಳು. ದನಿ ಎತ್ತಲಿಲ್ಲ.

“ನನ್ನ ತಮ್ಮ ನಿಮ್ಮ ಮಗಳ ಮದುವೇಲಿ ಎಲೆ ಎತ್ತಿದ್ದಾನೆ. ಅವನನ್ನ ಜೈಲಿಗೆ ಕಳಿಸೋಕೆ ನಿಮಗೆ ಹೇಗೆ ಮನಸ್ಸು ಬಂತು?”

ಮೂವತ್ತು ವರ್ಷದಲ್ಲಿ ನಾನು ಕಲಿತ ಯಾವ ಪ್ರಶ್ನೆಯೂ ಮಾಡದ ಕೆಲಸವನ್ನು ಆ ಮಾತು ಮಾಡಿತು. ಮ್ಯಾನೇಜರ್ ಕುಸಿದು ಕೂತ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ. ಹಾಳೆ ಬದಲಿಸಿದ್ದು ತಾನು, ಸ್ಟಿಕ್ಕರ್ ಬದಲಿಸಿದ್ದು ತಾನು. ಹದಿನೇಳರಲ್ಲಿ ಬರೀ ಮರಳಿದೆ, ಮರಳಿನಲ್ಲಿ ಇಂಗಾಲ ನಿಲ್ಲುವುದಿಲ್ಲ. ಆರು ವರ್ಷದಿಂದ ಅಲ್ಲಿ ಕೆಸರಿದೆ ಎಂದೇ ಲೆಕ್ಕ ಕೊಟ್ಟು ಪ್ರಮಾಣಪತ್ರ ತೆಗೆದುಕೊಂಡಿದ್ದಾರೆ. ಒಂದು ಗೂಟ ಸುಳ್ಳೆಂದು ಗೊತ್ತಾದರೆ ಎಲ್ಲ ಗೂಟಗಳ ಮೇಲೂ ಅನುಮಾನ ಬಂದು ಇಡೀ ಯೋಜನೆ ನಿಲ್ಲುತ್ತದೆ. ಅಲ್ಲಿ ಇಳಿದು ಬಂದ ಕೆಸರಣ್ಣ ನಾಳೆ ಬಾಯಿಬಿಟ್ಟರೂ ಯಾರೂ ನಂಬದ ಹಾಗೆ ಅವನನ್ನು ಸುಳ್ಳುಗಾರ ಮಾಡಲೇಬೇಕಿತ್ತು.

ಅಲ್ಲಿ ಮರಳಿದೆ ಎಂದು ಹೇಳಿದವರು ಯಾರು ಎಂದು ಕೇಳಿದೆ.

ಅವನು ಟೈಲರ್ ಅಕ್ಕನ ಮುಖ ನೋಡಲಾರದೆ ನೆಲ ನೋಡಿದ. “ಇವರ ಯಜಮಾನರು. ಕೆಲಸ ಬಿಟ್ಟು ಹೋಗುವಾಗ ಮೆಸೇಜ್ ಹಾಕಿದ್ದರು. ಹದಿನೇಳರಲ್ಲಿ ಬರೀ ಮರಳು, ಅಲ್ಲಿಗೆ ಯಾರನ್ನೂ ಕಳಿಸಬೇಡಿ, ಪಕ್ಕದ ಅಳತೇನೇ ಹಾಕಿ ಅಂತ.”

ಅವಳ ಮುಖ ಬಿಗಿದುಕೊಂಡಿತು. ಹೋಗುವಾಗಲೂ ಒಂದು ತಂಟೆ ಇಟ್ಟೇ ಹೋಗಿದ್ದಾನೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಹೇಳಿದ್ದನ್ನೆಲ್ಲ ಬರೆದುಕೊಡಿ ಎಂದು ಕಾಗದ ಮುಂದೆ ತಳ್ಳಿದೆ. ಅವನು ಬರೆಯತೊಡಗಿದ. ಎರಡೂ ಮುಕ್ಕಾಲು. ಕೆಸರಣ್ಣ ಬಚಾವಾದ ಎಂದು ಎದೆ ಹಗುರವಾಯಿತು. ಸುಳ್ಳೇಕೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕು ಅನ್ನಿಸಿತು.

ಆದರೂ ಬರೆದುಕೊಟ್ಟವನು ನಾಳೆ ಹೆದರಿಸಿ ಬರೆಸಿಕೊಂಡರು ಎನ್ನಬಹುದು. ಕೊಳವೆಯೊಳಗೆ ಮರಳು ಕಂಡರೆ ಅವನ ಬಾಯಿ ಕಟ್ಟಿದ ಹಾಗೆ. ನಾಲ್ಕೆಂದು ಬರೆದಿದ್ದ ಹದಿನೇಳನ್ನು ಈಗಲೇ ಕತ್ತರಿಸ್ತೀರಾ ಎಂದು ಒಲೆಯಮ್ಮನನ್ನು ಕೇಳಿದೆ. ಪರಿಶೀಲಕರ ಅಪ್ಪಣೆ ಇಲ್ಲದೆ ಮುಟ್ಟುವ ಹಾಗಿಲ್ಲ ಎಂದು ಮ್ಯಾನೇಜರ್ ಬರೆಯುತ್ತಲೇ ಗೊಣಗಿದ.

“ಅವರು ಆರಿಸಿದ್ದನ್ನ ಅವರ ಮುಂದೆ ಕತ್ತರಿಸ್ತೀನಿ,” ಎಂದಳು ಒಲೆಯಮ್ಮ. “ಇದರ ಮೇಲೆ ನಾಲ್ಕು ಅಂತ ಇದೆ. ನೀವೇ ಅಂಟಿಸಿದ್ದಲ್ವಾ?”

ಕೊಳವೆಯನ್ನು ತೊಟ್ಟಿಯಲ್ಲಿ ಮಲಗಿಸಿ ಮೇಲೆ ಬಿಸಿನೀರು ಸುರಿದಳು. ಮುಚ್ಚಳ ಬಿಚ್ಚಿ, ಹಿಂದಿನಿಂದ ಮರದ ದಂಡ ಹಾಕಿ ತಳ್ಳಿದಳು. ಹೆಪ್ಪುಗಟ್ಟಿದ ಮಣ್ಣು ಐಸ್‌ಕ್ಯಾಂಡಿಯ ಹಾಗೆ ತಟ್ಟೆಯ ಮೇಲೆ ಜಾರಿ ಬಂತು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಒಳ್ಳೆಯ ಕೆಸರಿಗೆ ಆ ವಾಸನೆ ಇರಲೇಬೇಕಂತೆ.

ಬುಡದಿಂದ ತುದಿಯ ತನಕ ಕಪ್ಪು. ನುಣ್ಣನೆಯ, ಬೇರಿನ ಎಳೆಗಳು ತುಂಬಿದ ಕಪ್ಪು ಮಣ್ಣು. ಒಲೆಯಮ್ಮ ಒಂದು ಚೂರನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದಳು. ಇಷ್ಟು ಶ್ರೀಮಂತ ಮಣ್ಣು ಉಳಿದ ನಲವತ್ತೊಂದರಲ್ಲಿ ಎಲ್ಲೂ ಸಿಕ್ಕಿಲ್ಲ ಎಂದಳು.

ಮ್ಯಾನೇಜರ್ ಪೆನ್ನು ಹಿಡಿದೇ ಎದ್ದು ಬಂದ. “ಮರಳೆಲ್ಲಿ?”

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ನಟನೆ ನೋಡಿ ನೋಡಿ ಸಾಕಾದವಳು ನಾನು. ಅದು ನಟನೆಯಲ್ಲ. ಆರು ವರ್ಷ ಇಲ್ಲದ ಮರಳಿಗೆ ಹೆದರಿ ಸುಳ್ಳು ಬರೆದವನ ಮುಖ ಅದು. ಹಾಗಾದರೆ ಅಲ್ಲಿ ಮರಳಿದೆ ಎಂದು ಹೇಳಿ ಆರು ವರ್ಷ ಯಾರೂ ಆ ಜಾಗಕ್ಕೆ ಕೊಳವೆ ಒತ್ತದ ಹಾಗೆ ಮಾಡಿದ್ದು ಯಾಕೆ?

ಒಲೆಯಮ್ಮ ಚಾಕು ಬಿಸಿ ಮಾಡಿಕೊಂಡು ಮೇಲಿನಿಂದ ಐದೈದು ಸೆಂಟಿಮೀಟರಿನ ಹೋಳು ಮಾಡುತ್ತ ಬಂದಳು. ಎಂಟು ಹೋಳು ಸಲೀಸಾಗಿ ಬಂದವು. ಒಂಬತ್ತನೆಯದರಲ್ಲಿ ಚಾಕು ಸಿಕ್ಕಿಕೊಂಡಿತು.

ಬೇರು ಎಂದಳು. ಇನ್ನಷ್ಟು ಒತ್ತಿದಳು. ಆಮೇಲೆ ಚಾಕು ಕೆಳಗಿಟ್ಟು ಚಿಮಟ ಕೈಗೆತ್ತಿಕೊಂಡಳು. ಬೇರಾಗಿರಲಿಲ್ಲ. ಎಳೆದಂತೆ ಎಳೆದಂತೆ ಬಂದದ್ದು ಬಟ್ಟೆ, ಕೊಳವೆಯ ಬಾಯಿ ಕತ್ತರಿಸಿಕೊಂಡು ಬಂದಷ್ಟೇ ಅಗಲದ ಚೂರು. ಬಟ್ಟಲ ನೀರಿಗೆ ಹಾಕಿ ಮೆಲ್ಲಗೆ ಅಲ್ಲಾಡಿಸಿದಳು. ಕಪ್ಪು ಬಿಟ್ಟುಕೊಂಡಿತು. ಬಟ್ಟೆ ಕಂದಿ ಜಾಳಾಗಿತ್ತು, ಆದರೆ ದಾರ ಕಂದಿರಲಿಲ್ಲ.

ಹಳದಿ ನೈಲಾನ್ ದಾರ. ಮೂರು ಸಾಲು ಹೊಲಿಗೆ. ಹೊಲಿಗೆಯ ನಡುವಿನ ಬೆರಳಗಲದ ಜೇಬಿನಿಂದ ಗೇಣಿನ ಕಾಲು ಭಾಗದಷ್ಟಿದ್ದ ಪೆನ್ಸಿಲ್ ತುಂಡು ನೀರಿಗೆ ಜಾರಿತು. ಎರಡೂ ಕಡೆ ಚೂಪು.

ಕೆಸರಣ್ಣನ ತೋಳಿನ ಜೇಬು ನೆಟ್ಟಗಿರುವುದನ್ನು ಬೆಳಿಗ್ಗೆ ನಾನೇ ನೋಡಿದ್ದೆ. ಅಂಥ ಜೇಬು ಇದ್ದದ್ದು ಇಬ್ಬರಿಗೆ ಮಾತ್ರ.

ಟೈಲರ್ ಅಕ್ಕನನ್ನು ತಡೆಯಲು ಕೈ ಚಾಚಿದೆ. ತಡವಾಗಿತ್ತು. ಅವಳು ಬಟ್ಟಲಿನಿಂದ ಬಟ್ಟೆ ಎತ್ತಿಕೊಂಡು, ತಿರುಗಿಸಿ, ಹಿಂಬದಿಯ ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದಳು.

“ಇದು ನಾನು ಹಾಕಿದ ಗಂಟು,” ಎಂದಳು.

ಅವಳು ಅಳಲಿಲ್ಲ.

“ಆರು ವರ್ಷ ದಿನಾ ಬೈದಿದ್ದೀನಿ ಮೇಡಂ. ಬೆಳಿಗ್ಗೆ ಎದ್ದ ತಕ್ಷಣ ಬೈತಿದ್ದೆ. ಓಡಿಹೋದ ಅಂತ. ಇಲ್ಲೇ ಇದ್ದರು ಅವರು.”

ಅವಳ ಕೈಯ ಮೇಲೆ ಕೈ ಇಟ್ಟೆ. ಫ್ರೀಜರಿಗಿಂತ ತಣ್ಣಗಿತ್ತು. ಆಮೇಲೆ ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ಆರು ವರ್ಷದ ಹಿಂದೆಯೇ ಅವರು ಆ ಮಣ್ಣಿನೊಳಗಿದ್ದರೆ ಮರಳಿದೆ ಎಂದು ಮ್ಯಾನೇಜರಿಗೆ ಬರೆದವನು ಅವರಲ್ಲ, ಅವರ ಫೋನು ಕೈಯಲ್ಲಿದ್ದ ಇನ್ನೊಬ್ಬ. ಆ ಫೋನಿನಿಂದ ನಿನಗೆ ಮೊದಲನೆಯದು ಬಿಟ್ಟು ಬೇರೆ ಏನಾದರೂ ಬಂದಿತ್ತಾ ಎಂದು ಕೇಳಿದೆ.

ವರ್ಷಕ್ಕೊಂದೆರಡು ಸಲ ಬರುತ್ತದೆ ಎಂದಳು. ಇವಳು ತಿರುಗಿ ಮಾಡಿದರೆ ಫೋನು ಬಂದ್ ಆಗಿರುತ್ತದೆ. ಕೊನೆಯದು ಬಂದದ್ದು ಹೋದ ತಿಂಗಳು. ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಎಂದು ನಾನು ರೇಗುವಷ್ಟರಲ್ಲಿ ಅವಳೇ ಹೇಳಿದಳು, ಬಿಟ್ಟು ಹೋದ ಗಂಡನ ಸಂದೇಶಕ್ಕೆ ಕಾಯುತ್ತೇನೆ ಎಂದು ಹೇಳಿಕೊಳ್ಳಲು ನಾಚಿಕೆ. ಬೇರೆ ಯಾರೋ ಆಟ ಆಡಿಸುತ್ತಿರಬಹುದು ಎಂದು ಅನ್ನಿಸಲಿಲ್ಲವಾ ಎಂದೆ.

“ಅನ್ನಿಸಲಿಲ್ಲ. ಆ ಹೆಸರು ಬೇರೆಯವರಿಗೆ ಗೊತ್ತಿಲ್ಲ ಅಲ್ವಾ.”

ಫೋನು ತೆಗೆದು ನನ್ನ ಕೈಗೆ ಕೊಟ್ಟಳು. ಒಂದೇ ಸಾಲು.

ಗುಂಡುಸೂಜಿ, ನಾನು ಚೆನ್ನಾಗಿದ್ದೀನಿ. ಹುಡುಕಬೇಡ.

ನಾನು ಎರಡು ಸಲ ಓದಿದೆ. ಹಾಗೆ ಕರೆಯುತ್ತಿದ್ದವರು ಯಾರು ಯಾರು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಕಣ್ಣು ಕೇಳಿರಬೇಕು. ಅವಳು ಉತ್ತರ ಕೊಡಲು ಬಾಯಿ ತೆರೆದಳು. ಗಂಡನ ಕಡೆಗೆ ಎಂಬಂತೆ ಬಟ್ಟೆಯ ಚೂರನ್ನು ನೋಡಿದಳು. ಎರಡನೆಯವನ ಹೆಸರು ನಾಲಿಗೆಗೆ ಬಂದು ಅಲ್ಲೇ ನಿಂತದ್ದು ನನಗೆ ಕಾಣಿಸಿತು.

ಅಲ್ಲಿ ಏನಿದೆ ಎಂದು ಗೊತ್ತಿದ್ದವನು ಆ ಜಾಗಕ್ಕೆ ತಾನಾಗಿ ಕೊಳವೆ ಒತ್ತುತ್ತಾನೆಯೇ? ಒತ್ತುವುದಿಲ್ಲ ಎಂದು ನನ್ನ ಅರ್ಧ ಬುದ್ಧಿ ಹೇಳಿತು. ಆರು ವರ್ಷ ಒಬ್ಬನೇ ಹೊತ್ತು ಸಾಕಾದವನಾದರೆ, ಬೇರೆಯವರ ಕೈಯಿಂದಲಾದರೂ ಹೊರಗೆ ಬರಲಿ ಎಂದು ಒತ್ತಿಯೇ ಒತ್ತುತ್ತಾನೆ ಎಂದು ಇನ್ನರ್ಧ ಹೇಳಿತು. ಗುಂಡುಸೂಜಿ ಎನ್ನುತ್ತ ಕೆಸರಣ್ಣ ನಕ್ಕ ಬೆಳಗಿನ ಆ ನಗು ನೆನಪಾಯಿತು. ಈಗ ಅದನ್ನು ಹೇಗೆ ಓದಬೇಕೋ ಗೊತ್ತಾಗಲಿಲ್ಲ.

ನನ್ನ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರ್. ಮೂರೂ ಇಪ್ಪತ್ತು.

“ಹೇಳಿ ಮೇಡಂ, ಜೀಪು ಹೊರಡೋ ಹೊತ್ತಾಯ್ತು. ಏನಾದರೂ ಸಿಕ್ಕಿತಾ? ಅವನನ್ನ ಬಿಡ್ಲಾ, ಬೇಡ್ವಾ?”

ಮೇಜಿನ ಮೇಲೆ ಮ್ಯಾನೇಜರ್ ಸಹಿ ಹಾಕಿದ ಕಾಗದವಿತ್ತು. ಅದನ್ನು ಓದಿ ಹೇಳಿದರೆ ಕೆಸರಣ್ಣ ಇನ್ನರ್ಧ ಗಂಟೆಯಲ್ಲಿ ಮನೆಯಲ್ಲಿರುತ್ತಾನೆ. ನಾನು ಬಂದದ್ದೇ ಅದಕ್ಕೆ. ಬಿಡಿಸಿ ಎಂದು ನಿನ್ನೆ ಸಂಜೆ ನನ್ನ ಹೊಸ್ತಿಲ ಮೇಲೆ ನಿಂತವಳು ಈಗ ನನ್ನ ಎದುರಿಗಿದ್ದಳು.

ಅವಳು ಒದ್ದೆ ಬಟ್ಟೆಯ ಚೂರನ್ನು ಮಡಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ನನ್ನ ಕೈಯಿಂದ ಫೋನು ತೆಗೆದುಕೊಂಡಳು.

“ನಾನು ಅವನ ಅಕ್ಕ ಮಾತಾಡೋದು ಸಾರ್,” ಎಂದಳು. “ಬಿಡಬೇಡಿ. ನಾನು ಬರೋ ತನಕ ಅವನನ್ನ ಅಲ್ಲೇ ಕೂರಿಸ್ಕೊಂಡಿರಿ.”